ಒಳ್ಳೆಯತನಕ್ಕೆ ನಾನು ಕೊಟ್ಟ ಉದಾಹರಣೆ

ಮೊನ್ನೆ ಪರ್ಕಳದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ತೆಂಗಿನ ಗೆರಟೆ ಸುಡುವ ವಾಸನೆ ಬಂತು. ಪಕ್ಕದಲ್ಲಿ ಒಬ್ಬ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ. ಹಾಗೆಯೇ ಕೆಂಡ ತುಂಬುತ್ತಿದ್ದ ಕಾಪುವಿನ ದರ್ಜಿಯೊಬ್ಬರ ನೆನಪಾಯಿತು. ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ...

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾಪುವಿನ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ನನ್ನ ಬಾಡಿಗೆ ಕೋಣೆಯ ಎದುರಿಗೇ ಅವರ ಅಂಗಡಿ. ಬ್ಯಾರಿ ಮುಸ್ಲಿಮರು, ಐವತ್ತರ ಆಸುಪಾಸಿನವರು. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತು ಕಡಿಮೆ. ಹೇಳಿದ ದಿನಕ್ಕೆ ರವಿಕೆ ಹೊಲಿದುಕೊಟ್ಟ ದರ್ಜಿಯನ್ನು ನನ್ನ ಜನ್ಮದಲ್ಲಿ ಕಂಡದ್ದು ಅವರೊಬ್ಬರನ್ನೇ.

ಅಂಥವರ ಮೇಲೆ ಪೊಲೀಸ್ ಕೇಸಾಯಿತು. ಹಿತ್ತಿಲ ದಾರಿಗಾಗಿ ಅವರೊಡನೆ ಜಗಳವಾಡುತ್ತಿದ್ದ ನೆರೆಯವನೊಬ್ಬನ ತಲೆಯನ್ನು ಮುಸ್ಸಂಜೆಯಲ್ಲಿ ಯಾರೋ ದೊಣ್ಣೆಯಿಂದ ಒಡೆದಿದ್ದರು. ಹಿಂದಿನಿಂದ ಬಿದ್ದ ಏಟು. ಆದರೂ ಅವನು ಹೇಳಿದ್ದು ದರ್ಜಿಗಳ ಹೆಸರು. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ದರ್ಜಿಗಳ ವಕೀಲರು ನನ್ನಲ್ಲಿಗೆ ಬಂದು, ಅವರ ನಡತೆ ಒಳ್ಳೆಯದೆಂದು ಸಾಕ್ಷಿ ಹೇಳಬೇಕೆಂದರು.

“ಟೀಚರ ಮಾತಿಗೆ ತೂಕ ಉಂಟು. ಮನುಷ್ಯ ಸಾಧು ಅಂತ ಹೇಳಿದರೆ ಸಾಕು, ಪುರಾಣ ಬೇಡ.”

ಹೇಳಿ ಕೇಳಿ ನಾನು ಟೀಚರು. ಉದಾಹರಣೆ ಕೊಡದೆ ಒಂದು ಪಾಠವನ್ನೂ ಮುಗಿಸಿದವಳಲ್ಲ. ಉಡುಪಿಯ ಕೋರ್ಟಿನ ಕಟಕಟೆಯಲ್ಲಿ ನಿಂತು, ಅವರು ಬಹಳ ಸಾಧು ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಬೇಕಿತ್ತು. ಆದರೆ ನ್ಯಾಯಾಧೀಶರು ಹಿಂದಿನ ಬೆಂಚಿನ ಹುಡುಗರ ಹಾಗೆ ಕಿಟಕಿ ನೋಡುತ್ತಿದ್ದರು. ನನ್ನ ಮಾತು ತಲೆಗೆ ಹೋಗಲಿಲ್ಲವೇನೋ ಅನ್ನಿಸಿತು. ಒಮ್ಮೆ ಕುಡುಕನೊಬ್ಬ ರಸ್ತೆಯಲ್ಲಿ ನನ್ನ ಸೆರಗು ಹಿಡಿದಾಗ, ಪೇಟೆಯವರೆಲ್ಲ ನೋಡುತ್ತ ನಿಂತಿದ್ದಾಗ, ಈ ದರ್ಜಿಗಳೊಬ್ಬರೇ ಅಳತೆ ಕೋಲು ಹಿಡಿದು ಎದ್ದುಬಂದು ಅವನಿಗೆ ನಾಲ್ಕು ಬಾರಿಸಿದ್ದನ್ನು ಹೇಳಿದೆ.

ಸರಕಾರಿ ವಕೀಲರು ಮೆಲ್ಲನೆ ಎದ್ದರು. “ಸಿಟ್ಟು ಬಂದರೆ ಕೋಲು ತೆಗೆಯುವ ಸಾಧು. ಅಲ್ವಾ ಟೀಚರ್?”

ಹಾಗಲ್ಲ, ನನ್ನನ್ನು ಕಾಪಾಡಲು ಎಂದೆ.

“ಹೊಡೆದದ್ದು ಹೌದೋ ಅಲ್ಲವೋ, ಅಷ್ಟು ಹೇಳಿ.”

ಹೌದು ಎಂದೆ. ಆಗ ನ್ಯಾಯಾಧೀಶರು ಬರೆದುಕೊಂಡರು. ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ್ದೆ.

ಎರಡು ವರ್ಷ ಶಿಕ್ಷೆಯಾಯಿತು. ತೀರ್ಪಿನ ದಿನ ಜೀಪು ಹತ್ತುವ ಮೊದಲು ಅವರು ನನ್ನನ್ನು ಕಂಡು ನಿಂತರು. ಬೈಯಲಿ ಎಂದು ಕಾದೆ.

“ಆ ಕುಡುಕನ ಗಲಾಟೆ ನಿಮಗೆ ಇನ್ನೂ ನೆನಪುಂಟಾ ಟೀಚರ್?” ಎಂದರು. ಅವರ ಮುಖದಲ್ಲಿ ಸಂತೋಷವಿತ್ತು. ಅದನ್ನು ನೋಡಲಾಗದೆ ನಾನು ತಲೆ ತಗ್ಗಿಸಿದೆ.

ಜೈಲಿಗೆ ಹೋಗಿ ಕ್ಷಮೆ ಕೇಳಬೇಕೆಂದಿದ್ದೆ. ಪರೀಕ್ಷೆ ಮುಗಿಯಲಿ, ಮಳೆ ಬಿಡಲಿ ಎಂದು ದಿನ ದೂಡಿದೆ. ನಿಜ ಹೇಳಬೇಕೆಂದರೆ ಹೆದರಿಕೆ. ಎರಡನೆಯ ವರ್ಷ ಅವರು ಅಲ್ಲೇ ಜ್ವರ ಬಂದು ತೀರಿಕೊಂಡರು...

ನೆರೆಯವನಿಗೆ ಹೊಡೆದವರು ಅವರೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅವರ ಹೆಂಡತಿ ಊರು ಬಿಟ್ಟು ಎಲ್ಲಿಗೆ ಹೋದರೆಂಬುದೂ ತಿಳಿಯದು. ಈಗ ಕ್ಷಮೆ ಕೇಳೋಣವೆಂದರೆ ಯಾರೂ ಇಲ್ಲ. ನನಗೆ ಕಷ್ಟ ಬಂದಾಗ ಅವರು ಹೊಲಿಯುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಓಡಿಬಂದಿದ್ದರು. ಅವರು ಒಂದೂವರೆ ವರ್ಷ ಜೈಲಿನಲ್ಲಿದ್ದರೂ ನಾನು ಒಮ್ಮೆಯೂ ಹೋಗಲಿಲ್ಲ.