ಹಾಸು ಕೊಯ್ದ ಶಂಕ್ರವ್ವ

ಅಮಾವಾಸ್ಯೆಯ ನಸುಕು. ಬಸರಿಹಾಳದ ನೇಕಾರ ಓಣಿಯಲ್ಲಿ ಇವತ್ತು ಲಾಳಿಯ ಸಪ್ಪಳವಿಲ್ಲ. ಅಮಾವಾಸ್ಯೆಗೆ ಮಗ್ಗ ನಡೆಸಬಾರದೆಂಬುದು ಹಿರಿಯರ ಕಾಲದಿಂದ ಬಂದ ಕಟ್ಟಳೆ. ತಿಂಗಳಿಗೊಮ್ಮೆ ನೇಕಾರನ ಕಾಲಿಗೆ ಬಿಡುವು ಸಿಗುವುದು ಅಂದೇ. ಆದರೆ ಶಂಕ್ರವ್ವ ಇರುವ ಓಣಿಯಲ್ಲಿ ಬಿಡುವು ಅಷ್ಟು ಸುಲಭಕ್ಕೆ ದಕ್ಕಬೇಕಲ್ಲ! ಆಕೆ ಮುಖಕ್ಕೆ ನೀರು ಚಿಮುಕಿಸಿಕೊಂಡು ಮಗ್ಗದ ಕುಣಿಗೆ ಇಳಿಯುತ್ತಾಳೆ. ನೇಯುವವರು ಕಾಲು ಇಳಿಬಿಟ್ಟು ಕೂಡುವ ತಗ್ಗು ಅದು. ತಳದ ಮಣ್ಣಿಗೆ ಅಂಗೈ ಒತ್ತಿ ನೋಡುತ್ತಾಳೆ. ಒಣಗಿದೆ. ಹೊರಗೆ ಬಂದವಳೇ ಹಿತ್ತಾಳೆ ತಾಟು ಎತ್ತಿಕೊಂಡು ಸೌಟಿನಿಂದ ಬಡಿಯತೊಡಗುತ್ತಾಳೆ.

ಓಣಿ ಗೊಣಗುತ್ತ ಏಳುತ್ತದೆ. ಹೊಳೆ ಬರುವುದಕ್ಕಿಂತ ಮೊದಲು ಈಕೆಯೇ ಬರುತ್ತಾಳೆ ಎಂದು ಎದುರುಮನೆಯ ಉಡಚಪ್ಪ ಬೈದುಕೊಳ್ಳುತ್ತಾನೆ. ಬೈದರೂ ಕೈ ಸುಮ್ಮನಿರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಅರ್ಧ ನೇಯ್ದ ಸೀರೆಯನ್ನು ಮಗ್ಗಕ್ಕೆ ಹೂಡಿದ ಉದ್ದ ನೂಲಿನ ಹಾಸಿನ ಸಮೇತ, ಎಳೆಗಳನ್ನು ಒತ್ತುವ ಹಣಿಗೆಯ ಸಮೇತ, ಒಂದೆಳೆಯೂ ಹರಿಯದಂತೆ ಸುತ್ತುತ್ತಾರೆ. ಬಿದಿರ ಗಳಕ್ಕೆ ಕಟ್ಟಿ, ಹೆಗಲ ಮೇಲಿಟ್ಟು ದಿಬ್ಬದ ಮೇಲಿನ ಕನ್ನಡ ಸಾಲಿಗೆ ಹತ್ತುತ್ತಾರೆ. ಸಾಲಿಯ ಕಟ್ಟೆಯ ಮೇಲೆ ಬಳೆ ವ್ಯಾಪಾರದ ಮುಮತಾಜಬಿ ಸೌರದೀಪಗಳ ಫಲಕಗಳನ್ನು ಮೂಡಣಕ್ಕೆ ಮುಖಮಾಡಿ ಒರೆಸುತ್ತ ಕೂತಿದ್ದಾಳೆ. ನೆರೆ ಬಂದರೆ ಮೊದಲು ಓಡಿಹೋಗುವುದು ಕರೆಂಟು. ಅದಕ್ಕೇ ದೀಪದ ಜವಾಬ್ದಾರಿ ಆಕೆಯದು.

ನೆರೆಯೂ ಇಲ್ಲ, ಮೋಡವೂ ಇಲ್ಲ, ಇದೆಲ್ಲ ಯಾಕೆ ಎಂದು ಹೊಸಬರು ಕೇಳುತ್ತಾರೆ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನಾಗುತ್ತದೆಂಬುದನ್ನು ಈ ಓಣಿ 2007ರ ನೆರೆಯಲ್ಲಿ ಕಂಡಿದೆ.

ಶಂಕ್ರವ್ವ ಗಜೇಂದ್ರಗಡದ ನೇಕಾರರ ಮಗಳು. ಗುಡ್ಡದ ಬುಡದಲ್ಲಿ ಬೆಳೆದವಳು ಹೊಳೆದಂಡೆಗೆ ಸೊಸೆಯಾಗಿ ಬಂದಳು. ಹೊಳೆಆಲೂರಿನ ಆಚೆಗಿರುವ ಬಸರಿಹಾಳವನ್ನು ಮಲಪ್ರಭೆ ಮೂರು ಕಡೆಯಿಂದ ಬಳಸಿಕೊಂಡಿದ್ದಾಳೆ. ನಾಲ್ಕನೆಯ ಕಡೆಗೊಂದು ಹಳ್ಳ. ಎರಡೂ ಒಟ್ಟಿಗೆ ತುಂಬಿದರೆ ಊರು ನಡುಗಡ್ಡೆ. ‘ನಮ್ಮೂರಾಗ ನೀರ ಬೇಕಂದ್ರ ಕೊಡಾ ಹೊತ್ತು ಹುಡುಕಬೇಕ್ರಿ. ಇಲ್ಲಿ ನೀರ ನಮ್ಮನ್ನ ಹುಡುಕಿಕೊಂಡ ಬರತೈತಿ’ ಎಂದು ಆಕೆ ನಗುತ್ತಾಳೆ.

ಗಂಡ ವೀರಪ್ಪ ನೂಲಿಗೆ ಬಣ್ಣ ಹಾಕುವವನು. ಹಾಸು ಹೂಡುವುದರಿಂದ ಸೆರಗು ಮುಗಿಸುವವರೆಗಿನ ಕೆಲಸವೆಲ್ಲ ಶಂಕ್ರವ್ವನದು. ದಿನಕ್ಕೆ ಹತ್ತು ತಾಸು ಕುಣಿಯಲ್ಲಿ ಕಾಲಿಟ್ಟು ಕೂತರೂ ಒಂದು ಸೀರೆಗೆ ನಾಲ್ಕೈದು ದಿನ ಬೇಕು. ಇಷ್ಟು ವರ್ಷ ನೇಯ್ದದ್ದೆಲ್ಲ ಪರರ ಮೈಮೇಲೆ ಹೋಗಿದೆ. ನೆರೆ ಬಂದ ಆ ವರ್ಷ ಮಾತ್ರ ಮಗಳು ಸುಧಾರಾಣಿಯ ಲಗ್ನ ಗೊತ್ತಾಗಿತ್ತು. ಲಗ್ನದ ಅಕ್ಕಿಕಾಳು ಬೀಳುವಾಗ ಉಡುವ ಸೀರೆಯನ್ನು ಅಂಗಡಿಯಿಂದ ತರುವುದಿಲ್ಲ, ತಾನೇ ನೇಯುತ್ತೇನೆ ಎಂದು ಶಂಕ್ರವ್ವ ಹಟ ಹಿಡಿದಳು. ಮಗಳೂ ಪಕ್ಕದಲ್ಲಿ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟಳು. ಸೀರೆಯ ಒಡಲು ಮುಗಿದು ಇನ್ನೇನು ಕೆಂಪು ಸೆರಗು ಹಿಡಿಯಬೇಕು, ಅಷ್ಟರಲ್ಲಿ ಮಳೆ ಹಿಡಿಯಿತು.

ಹೊಳೆ ಬಾಗಿಲಿಗೆ ಬರುವ ಮೊದಲು ಕುಣಿಗೆ ಬರುತ್ತದೆ. ನೆಲದೊಳಗಿನಿಂದ ಜಿನುಗಿ ನೇಯುವವರ ಪಾದ ಮುಟ್ಟುತ್ತದೆ. ಅವತ್ತು ಮುಂಜಾನೆ ಓಣಿಯವರೆಲ್ಲರಿಗೂ ಅದು ಗೊತ್ತಾಯಿತು. ಗೊತ್ತಾದ ಮೇಲೆ ಅವರು ಮಾಡಿದ್ದೇನು? ಎದ್ದು ಓಡಲಿಲ್ಲ, ಲಗುಬಗೆಯಿಂದ ನೇಯತೊಡಗಿದರು! ಸೆರಗು ಕಾಣದ ಸೀರೆಯನ್ನು ಮಗ್ಗದಿಂದ ಕೊಯ್ದರೆ ಉಟ್ಟವಳ ಬಾಳು ಅರ್ಧಕ್ಕೆ ನಿಲ್ಲುತ್ತದೆಂಬ ನಂಬಿಕೆ. ಹೇಗಾದರೂ ಮಾಡಿ ಸೆರಗು ಮುಟ್ಟಿಸಿ ಎದ್ದರಾಯಿತು ಎಂದು ಮೀನಖಂಡದ ಮಟ್ಟದ ನೀರಿನಲ್ಲಿ ಕಾಲಿಟ್ಟು ಒಬ್ಬರಿಗಿಂತ ಒಬ್ಬರು ಜೋರಾಗಿ ಲಾಳಿ ಒಗೆಯುತ್ತಿದ್ದರು. ಹೊರಗೆ ಹಳ್ಳ ಏರುತ್ತಿತ್ತು, ಒಳಗೆ ಖಟಖಟ ಸಪ್ಪಳ.

ಶಂಕ್ರವ್ವ ಮನೆಮನೆಗೆ ಹೋಗಿ ಏಳಿರೆಂದು ಬೇಡಿಕೊಂಡಳು. ಹಿತ್ತಲ ಗಿಡ ಮದ್ದಲ್ಲ ನೋಡಿ, ಯಾರು ಕೇಳುತ್ತಾರೆ? ನಿನ್ನ ಮಗಳ ಸೀರೆ ಮಗ್ಗದ ಮೇಲೆ ಇಟ್ಟುಕೊಂಡು ನಮಗೆ ಬುದ್ಧಿ ಹೇಳಲು ಬಂದೆಯಾ ಎಂದು ಉಡಚಪ್ಪ ಕೇಳಿಯೇಬಿಟ್ಟ. ಆ ಮಾತು ಆಕೆಗೆ ನಾಟಿತು. ಮನೆಗೆ ಬಂದಳು, ಕುಡಗೋಲು ತೆಗೆದುಕೊಂಡಳು. ಮಗಳು ಅಡ್ಡ ಬಂದು ಕೈ ಹಿಡಿದಳು. ಆ ಕೈ ಬಿಡಿಸಿಕೊಂಡೇ ಕೊಯ್ದಳು. ಸೆರಗಿಲ್ಲದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಓಣಿಯ ನಡುವೆ ನಿಂತಳು.

‘ನೋಡ್ರಿ, ನನ್ನ ಮಗಳ ಸೀರಿ ಕೊಯ್ದೇನಿ. ಇನ್ನ ನಿಮ್ಮದ್ಯಾವದು ಇದಕ್ಕಿಂತ ದೊಡ್ಡದು? ಏಳ್ರಿ.’

ಮೊದಲು ಎದ್ದವನು ಉಡಚಪ್ಪ. ಅವನ ಹಿಂದೆ ಓಣಿಯೆಲ್ಲ ದಿಬ್ಬ ಹತ್ತಿತು. ಸಂಜೆಯೊಳಗೆ ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿದು ಬಿದ್ದವು. ಒಂದು ಜೀವವೂ ಹೋಗಲಿಲ್ಲ.

ಸುಧಾರಾಣಿ ಅಂಗಡಿಯ ಸೀರೆ ಉಟ್ಟೇ ಲಕ್ಕಲಕಟ್ಟಿಯ ಸೊಸೆಯಾದಳು. ಓಣಿ ಉಳಿಸಿದಿ, ನನ್ನ ಸೀರೆ ಉಳಿಸಲಿಲ್ಲ ಎಂದು ಹೋಗುವಾಗ ಅಂದವಳು ಆಮೇಲೆ ಆ ಮಾತು ತೆಗೆದಿಲ್ಲ. ಹೆಚ್ಚು ಮಾತನ್ನೂ ಆಡಿಲ್ಲ. ‘ಆಕಿ ಅಂದದ್ದು ಖರೇನ ಐತ್ರಿ. ಊರಿಗೆ ಚಲೋ ಆತು, ಹೆತ್ತ ಮಗಳಿಗೆ ಆಗಲಿಲ್ಲ’ ಎನ್ನುತ್ತಾಳೆ ಶಂಕ್ರವ್ವ. ಅಮಾವಾಸ್ಯೆಯ ತಾಲೀಮು ಹುಟ್ಟಿದ್ದು ಈ ಸಂಕಟದಿಂದಲೇ. ಇನ್ನೊಬ್ಬ ತಾಯಿ ಕುಡಗೋಲು ಹಿಡಿಯಬಾರದೆಂದು ಹಾಸು ಕೊಯ್ಯದೆ ಇಳಿಸುವ ಬಗೆಯನ್ನು ಆಕೆಯೂ ವೀರಪ್ಪನೂ ತಿಂಗಳುಗಟ್ಟಲೆ ಜಗಳಾಡುತ್ತ ಹುಡುಕಿದರು.

ಕಳೆದ ತಿಂಗಳು ಓಣಿಗೆ ಅಪರೂಪದ ಅತಿಥಿಗಳು. ಮಹಾಸಾಗರದ ನಡುವಿನ ಪುಟ್ಟ ದ್ವೀಪದೇಶವೊಂದರಿಂದ ಈ ತಾಲೀಮು ನೋಡಲು ಬಂದ ಮೂವರು ಹೆಂಗಸರು. ಅಲ್ಲಿ ನೆರೆ, ಬಿರುಗಾಳಿ ಎದುರಿಸುವ ಕೆಲಸದ ಮುಂದಾಳುಗಳವರು. ಅವರಲ್ಲಿ ಹಿರಿಯಳು ಸೀದಾ ಕುಣಿಗಿಳಿದು ಮಣ್ಣಿಗೆ ಅಂಗೈ ಇಟ್ಟಳಂತೆ. ತಮ್ಮಲ್ಲೂ ಸಮುದ್ರ ದಂಡೆ ಹತ್ತುವ ಮೊದಲು ನೆಲದಡಿಯಿಂದಲೇ ಬಂದು ಬಾವಿಯನ್ನು ಉಪ್ಪಾಗಿಸುತ್ತದೆ ಎಂದು ದುಭಾಷಿಯಿಂದ ಹೇಳಿಸಿದಳು. ತಮ್ಮ ಹೊಕ್ಕುಳಬಳ್ಳಿ ಹೂತು ಬೆಳೆಸಿದ ತೆಂಗಿನ ಮರ ಬಿಟ್ಟು ನಮ್ಮ ಮುದುಕರು ಏಳುವುದೇ ಇಲ್ಲ, ಏನು ಮಾಡಲಿ ಎಂದು ಕೇಳಿದಳು.

ಶಂಕ್ರವ್ವ ಹೇಳಿದ್ದಿಷ್ಟು: ‘ಬಿಡ್ರಿ ಅಂತ ಅವರಿಗೆ ಹೇಳಬ್ಯಾಡ್ರಿ. ಮೊದಲ ನೀವು ನಿಮ್ಮದು ಬಿಟ್ಟು ತೋರಸ್ರಿ. ಆಮ್ಯಾಲೆ, ಬಿಡದಂಗ ಜೋಡಿ ಒಯ್ಯೂ ಹಾದಿ ಹುಡುಕ್ರಿ.’

ಹೋಗುವಾಗ ಅವರು ಕೇಳಿದ್ದು ಆ ಕೊಯ್ದ ಸೀರೆಯನ್ನು. ದ್ವೀಪಗಳವರೆಲ್ಲ ಸೇರುವ ಸಭೆಯಲ್ಲಿ ತೂಗುಹಾಕುತ್ತಾರಂತೆ. ಅದು ತನ್ನದಲ್ಲ, ಮಗಳದು, ಕೇಳಿ ಹೇಳುತ್ತೇನೆ ಎಂದಳು ಶಂಕ್ರವ್ವ. ಕೇಳುವ ಧೈರ್ಯ ಮಾತ್ರ ಈವರೆಗೆ ಬಂದಿಲ್ಲ. ಲಗ್ನವಾಗಿ ಎಷ್ಟೋ ವರ್ಷದ ಮೇಲೆ ಮೊದಲ ಕುಬಸಕ್ಕೆಂದು ತವರಿಗೆ ಬಂದಿರುವ ಮಗಳು ತುಂಬಿದ ಬಸುರಿ.

ಹೊತ್ತು ಏರಿದೆ. ಹಾಸುಗಳೆಲ್ಲ ಸಾಲಿಯ ಪಡಸಾಲೆಯಲ್ಲಿ ಸುಖವಾಗಿವೆ. ಕಟ್ಟೆಯ ಮೇಲೆ ಕೂತ ಸುಧಾರಾಣಿಗೆ ಮುಮತಾಜಬಿಯೇ ಎಲ್ಲರ ಎದುರು ದ್ವೀಪದವರ ಸುದ್ದಿ ಹೇಳಿಬಿಡುತ್ತಾಳೆ. ಶಂಕ್ರವ್ವ ತಲೆಯೆತ್ತದೆ ಗಳದ ಹಗ್ಗ ಬಿಚ್ಚುತ್ತಿದ್ದಾಳೆ. ಬಿಚ್ಚಿದ ಗಂಟನ್ನೇ ಮತ್ತೆ ಬಿಚ್ಚುತ್ತಿದ್ದಾಳೆ.

‘ಅವರಿಗೆ ಬ್ಯಾರೆ ನೇದು ಕೊಡು’ ಎನ್ನುತ್ತಾಳೆ ಮಗಳು. ‘ಆ ಸೀರಿ ನನಗ ಬೇಕು. ತೊಟ್ಟಲಕ್ಕ ಕಟ್ಟತೀನಿ. ತೊಟ್ಟಲಕ್ಕ ಸೆರಗ ಯಾಕ ಬೇಕಬೇ?’

ಶಂಕ್ರವ್ವ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾಳೆ.

‘ಗಟ್ಟಿ ಐತವಾ, ತಡಕೋತೈತಿ. ನಾನ ನೇದದ್ದು.’