ಮಾನವಮಿಗೆ ತೊಳೆದ ಗುಡ್ಡ

ಕಪ್ಪತಗುಡ್ಡದಲ್ಲಿ ಬಂಗಾರ ಇದೆಯೇ ಎಂದು ಮೊಮ್ಮಕ್ಕಳು ನೀವು ರಜೆಗೆ ಬಂದಾಗಲೆಲ್ಲ ಈ ಅಜ್ಜಿಯನ್ನು ಕೇಳುತ್ತೀರಿ. ಇದೆ. ನಾನು ಅದನ್ನು ಸಾಬೂನಿನ ಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದಿದ್ದೇನೆ. ನಗಬೇಡಿ, ಪೂರ್ತಿ ಓದಿ.

ನಿಮ್ಮಲ್ಲಿ ಹಿರಿಯವಳು ಇನ್ನೂ ತೊಟ್ಟಿಲಲ್ಲಿದ್ದ ವರ್ಷ ಅದು. ಬಂಗಾರ ಹುಡುಕುವ ಕಂಪನಿಯೊಂದು ಬಂದು, ಗುಡ್ಡದ ಬುಡದ ನಮ್ಮ ಶೇಂಗಾ ಹೊಲದ ಅಂಚಿನಲ್ಲಿ ಯಂತ್ರ ನಿಲ್ಲಿಸಿತು. ನೋಡಲು ಬೋರ್‌ವೆಲ್ ಯಂತ್ರದ ಹಾಗೇ ಇತ್ತು, ಆದರೆ ನೀರಿಗಾಗಿ ಕೊರೆಯುತ್ತಿರಲಿಲ್ಲ. ನೆಲದೊಳಗಿನ ಕಲ್ಲನ್ನು ಪುಡಿ ಮಾಡದೆ ಲಟ್ಟಣಿಗೆಯಷ್ಟು ದಪ್ಪದ ಕೋಲಾಗಿ ಮೇಲೆ ತರುತ್ತಿತ್ತು. ತರುವಾಗ ಕೋಲು ಅಲ್ಲಲ್ಲಿ ಮುರಿಯುತ್ತಿತ್ತು. ಆ ತುಂಡುಗಳನ್ನು ಮೇಲಿನದು ಮೊದಲು, ಕೆಳಗಿನದು ಆಮೇಲೆ ಎಂದು ಸಾಲಾಗಿ ತಗಡಿನ ಪೆಟ್ಟಿಗೆಗಳಲ್ಲಿ ಜೋಡಿಸುತ್ತಿದ್ದರು. ಪೆಟ್ಟಿಗೆ ಇಡಲು ನಮ್ಮ ಪಡಸಾಲೆ ಕೇಳಿದರು. ನಿಮ್ಮ ಅಜ್ಜ ಬಾಡಿಗೆಯ ಮಾತನ್ನೂ ಎತ್ತದೆ ಹೂಂ ಅಂದರು. ಬಂಗಾರ ತಮ್ಮ ಪಡಸಾಲೆಯಲ್ಲಿ ಮಲಗುತ್ತದೆ ಎನ್ನುವುದೇ ಅವರಿಗೆ ಸಾಕಾಗಿತ್ತು.

ಕಂಪನಿಯ ಎಂಜಿನಿಯರು ಮೈಸೂರು ಕಡೆಯವರು. ಮೀಸೆ ಆಗಷ್ಟೇ ಗಟ್ಟಿಯಾಗುತ್ತಿದ್ದ ವಯಸ್ಸು, ಒಬ್ಬರೇ ಹೊಣೆ ಹೊತ್ತ ಮೊದಲನೆಯ ಕೆಲಸ. ಊರಿಗೆಲ್ಲ ಅವರು ಸಾಹೇಬರು. ಮೂರು ತಿಂಗಳು ನಮ್ಮ ಮನೆಯಲ್ಲೇ ಉಂಡರು. ನಾನು ಅವರೊಂದಿಗೆ ಒಂದು ಮಾತೂ ಆಡಿರಲಿಲ್ಲ. ರೊಟ್ಟಿ ಬೇಕೇ ಎಂದು ಕೇಳುವುದಿದ್ದರೂ ನನ್ನ ಅತ್ತೆ, ಅಂದರೆ ನಿಮ್ಮ ಅಜ್ಜನ ತಾಯಿಯ ಕಿವಿಯಲ್ಲಿ ಹೇಳುತ್ತಿದ್ದೆ, ಅತ್ತೆ ಅದನ್ನು ಪಡಸಾಲೆಗೆ ಕೂಗುತ್ತಿದ್ದರು.

ನಿಮ್ಮ ಅಜ್ಜನಿಗೆ ಮಾತ್ರ ಮಾತಿನ ಬರವಿರಲಿಲ್ಲ.

"ಸಾಹೇಬ್ರ, ಎಷ್ಟ್ ಬಂಗಾರ ಸಿಗತೈತ್ರಿ?"

"ಒಂದು ಲಾರಿ ಕಲ್ಲು ಅಗೆದು, ನಿಮ್ಮ ಜೋಳದ ಹಿಟ್ಟಿಗಿಂತ ನುಣ್ಣಗೆ ಬೀಸಿ, ಔಷಧಿ ನೀರಲ್ಲಿ ನೆನೆಸಿದ್ರೆ, ಮನೆಯವರ ಮೂಗುತಿಗೆ ಆಗಬಹುದು ಯಜಮಾನ್ರೇ."

"ಹಂಗಾರ ಲಾರಿ ಹೆಚ್ಚ್ ತರಸ್ರಿ! ಅದಕ್ಯಾಕ ಚಿಂತಿ?"

ಸಾಹೇಬರು ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದರು. ಲಾರಿ ಹೆಚ್ಚಾದಷ್ಟೂ ಡೀಸೆಲ್ ಹೆಚ್ಚು. ಬೀಸಲು ಕರೆಂಟು ಬೇಕು. ನೀರನ್ನು ಹಮ್ಮಿಗಿಯ ಹೊಳೆಯಿಂದ ಇಲ್ಲಿಯವರೆಗೆ ಏರಿಸಬೇಕು. ಬೀಸಿ ಉಳಿದ ವಿಷದ ರಾಡಿಯನ್ನು ಯಾರ ಹೊಲಕ್ಕೂ ಹರಿಯದಂತೆ ಕಟ್ಟಿ ಇಡಬೇಕು. ಬಂಗಾರ ಇರುವುದು ಬಿಳಿ ಕಲ್ಲಿನ ಎಳೆಯಲ್ಲಿ. ಆ ಎಳೆ ಒಂದೇ ಕಡೆ ದಪ್ಪಗೆ ಇದ್ದರೆ ಸುರಂಗ ಇಳಿಸಿ ತೆಗೆಯಬಹುದು. ಬೆರಳುದ್ದದ ಎಳೆಗಳು ಅಲ್ಲೊಂದು ಇಲ್ಲೊಂದು ಚದುರಿದ್ದರೆ, ನಡುವಿನ ಕೆಲಸಕ್ಕೆ ಬಾರದ ಕಲ್ಲನ್ನೂ ಅಗೆಯಬೇಕಾಗುತ್ತದೆ, ಬಂದ ಬಂಗಾರ ಖರ್ಚಿಗೇ ಸಾಲುವುದಿಲ್ಲ. ಅದಕ್ಕೇ ಯಾವ ತುಂಡು ಎಷ್ಟು ಆಳದ್ದು ಎನ್ನುವುದೇ ಮುಖ್ಯ.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಇದನ್ನೆಲ್ಲ ಕೇಳಿಸಿಕೊಂಡಿದ್ದೆ. ಕೇಳಿಯೂ ಮಾಡಬಾರದ್ದನ್ನು ಮಾಡಿದೆ.

ಮಾನವಮಿ ಅಮಾವಾಸ್ಯೆ ಬಂತು. ಮರುದಿನದಿಂದ ನವರಾತ್ರಿ, ದೇವರ ಮುಂದೆ ಮಣ್ಣು ಹಾಸಿ ಕಾಳು ಬಿತ್ತಿ ಘಟ್ಟ ಹಾಕಬೇಕು. ಅದಕ್ಕೆ ಮುಂಚೆ ಮನೆಯಲ್ಲಿ ತೊಳೆಯದ ವಸ್ತು ಒಂದೂ ಉಳಿಯಬಾರದು. ಕೌದಿ, ಹಾಸಿಗೆ, ಗಡಿಗೆ, ಗೂಟಕ್ಕೆ ತೂಗುಬಿಟ್ಟ ಹಗ್ಗ ಕೂಡ ತೊಳೆಯುವುದು ನಮ್ಮ ಮನೆಯ ಕಟ್ಟುನಿಟ್ಟು. ಸಾಹೇಬರು ತಂದೆಯ ಎಡೆ ಇಡಲೆಂದು ಊರಿಗೆ ಹೋಗಿದ್ದರು. ಹಳೆಯ ಪೆಟ್ಟಿಗೆಗಳು ಗದಗಿಗೆ ಹೋಗಿ, ಕೊನೆಯ ಆರು ಮಾತ್ರ ಪಡಸಾಲೆಯಲ್ಲಿದ್ದವು. ಅವು ಬಂದದ್ದು ಹಿಂದಿನ ಸಂಜೆಯಷ್ಟೇ. ಬಂದಮೇಲೆ ಪರೀಕ್ಷೆ ಮಾಡಿ ಫೋಟೋ ತೆಗೆಯುತ್ತೇನೆ, ಯಾರೂ ಮುಟ್ಟಬೇಡಿ ಎಂದು ಹೇಳಿಯೇ ಹೋಗಿದ್ದರು.

ಅತ್ತೆ ಪೆಟ್ಟಿಗೆಗಳ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತರು. "ನೆಲದಾಗಿಂದ ಕಿತ್ತ ಕಲ್ಲು. ಮ್ಯಾಲೆ ಗ್ರೀಸ್ ಬ್ಯಾರೆ ಮೆತ್ತೈತಿ. ಇದನ್ನ ಮನ್ಯಾಗ ಇಟಗೊಂಡು ನಾ ಘಟ್ಟ ಹಾಕಂಗಿಲ್ಲ."

"ಅತ್ತಿ, ಮುಟ್ಟಬ್ಯಾಡ್ರಿ ಅಂದಾರ ಸಾಹೇಬ್ರು."

"ಘಟ್ಟ ಹಾಕಾಕ ಸಾಹೇಬ್ರು ಬರ್ತಾರೇನು? ತೊಳಿ ಅಂದ್ರ ತೊಳಿ."

ತೊಳೆದೆ. ಸಾಲುಗಳ ನಡುವೆ ಆಳ ಬರೆದಿಟ್ಟ ಪುಟ್ಟ ಕಟ್ಟಿಗೆ ತುಂಡುಗಳಿದ್ದವು. ಅತ್ತೆ ಅವನ್ನು ಬಚ್ಚಲ ಒಲೆಗೆ ಹಾಕಿದರು, ಚೆನ್ನಾಗಿ ಉರಿದವು. ಪೆಟ್ಟಿಗೆಯ ಮೇಲಿನ ಸೀಮೆಸುಣ್ಣದ ಅಂಕಿಗಳು ನೀರಿಗೆ ಹೋದವು. ಕಲ್ಲುಗಳನ್ನು ಹಿತ್ತಲಲ್ಲಿ ಒಣಗಲು ಹರವಿದೆ. ತಿರುಗಿ ತುಂಬುವಾಗ ಕಾಳು ಆರಿಸಿ ರೂಢಿಯಾದ ನನ್ನ ಕೈ ಸುಮ್ಮನಿರಲಿಲ್ಲ. ಕರಿಯವನ್ನು ಕರಿಯವಕ್ಕೆ, ಹಸಿರು ಛಾಯೆಯವನ್ನು ಹಸಿರಿಗೆ, ಬಿಳಿಯವನ್ನೆಲ್ಲ ಒಂದೇ ಪೆಟ್ಟಿಗೆಗೆ ಜೋಡಿಸಿಟ್ಟೆ. ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಅತ್ತೆ ಅದಕ್ಕೂ ಎರಡು ಹೂ ಏರಿಸಿದರು.

ಸಾಹೇಬರು ಬಂದರು. ಪೆಟ್ಟಿಗೆ ನೋಡಿದರು. ಕಟ್ಟೆಯ ಮೇಲೆ ಕುಳಿತವರು ಏಳಲಿಲ್ಲ.

"ನಾಡಿದ್ದು ನಮ್ಮ ದೊಡ್ಡ ಸಾಹೇಬರು ಬರ್ತಾರೆ," ಅಂದರು ಕೊನೆಗೆ. "ಈ ಆರು ಪೆಟ್ಟಿಗೆ ನೋಡೋಕೇ ಬರ್ತಾ ಇರೋದು. ಯಂತ್ರ ಬೇರೆ ಜಿಲ್ಲೆಗೆ ಹೋಗಿಬಿಟ್ಟಿದೆ. ಇಲ್ಲಿ ಕೊರೆದ ಈ ತೂತು ಹಾಳಾಯ್ತು ಅಂದ್ರೆ ನನ್ನ ಕೆಲಸಾನೂ ಹೋಯ್ತು."

ನಿಮ್ಮ ಅಜ್ಜ ಬಿಳಿ ಕಲ್ಲಿನ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ತುಂಬಿ ತುಳುಕುತ್ತಿತ್ತು. "ಹಿಂಗ ಬಿಡ್ರಲ್ಲ ಸಾಹೇಬ್ರ," ಅಂದರು ಮೆಲ್ಲಗೆ. "ಬಿಳೇದೆಲ್ಲಾ ಒಂದ ಕಡೆ ಐತಿ. ನೀವ ಹೇಳಿದ್ರಲ್ಲ, ದಪ್ಪ ಎಳಿ ಇದ್ರ ಗಣಿ ಆಗತೈತಿ ಅಂತ. ನಿಮ್ಮ ಕೆಲಸಾನೂ ಉಳೀತು, ನಮ್ಮ ಊರಿಗೆ ಗಣಿನೂ ಬಂತು."

"ಯಜಮಾನ್ರೇ, ಆಮೇಲೆ ಸುರಂಗ ಇಳಿಸಿ ನೋಡಿದಾಗ ಅಲ್ಲಿ ಕರಿ ಕಲ್ಲು ಇರುತ್ತೆ."

"ಅದ ಆಮ್ಯಾಲಿನ ಮಾತು ಬಿಡ್ರಿ!"

ಸಾಹೇಬರು ಫೋನ್ ಮಾಡಲೆಂದು ಕೆರೆ ಏರಿಯ ಕಡೆ ಹೋದರು. ಮನೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ನಾನು ಬಂದು ಪೆಟ್ಟಿಗೆಗಳ ಮುಂದೆ ಕುಳಿತೆ. ತೊಳೆಯುವಾಗ ಒಂದನ್ನು ಗಮನಿಸಿದ್ದೆ: ಪ್ರತಿ ತುಂಡಿನ ಮುರಿದ ಬಾಯಿ ಬೇರೆ ಬೇರೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಕೂರುತ್ತದೆ, ಒಡೆದ ಬಳೆಯ ಎರಡು ಚೂರು ಕೂಡುವ ಹಾಗೆ. ತಪ್ಪು ತುಂಡಾದರೆ ಕಟಕಟ ಅನ್ನುತ್ತದೆ, ಸರಿಯಾದದ್ದಾದರೆ ಸದ್ದೇ ಇರುವುದಿಲ್ಲ. ಸಾಹೇಬರು ತಿರುಗಿ ಬರುವಷ್ಟರಲ್ಲಿ ಒಂದೂವರೆ ಸಾಲು ಕೂಡಿಸಿದ್ದೆ. ಅವರು ನೋಡಿದರು, ಎದುರಿಗೆ ಕುಳಿತರು. ಯಂತ್ರದವರು ಪ್ರತಿ ಸಲ ಎಷ್ಟುದ್ದದ ಕೋಲು ಬಂತೆಂದು ಬರೆದಿಟ್ಟ ವಹಿ ಅವರ ಚೀಲದಲ್ಲಿತ್ತು. ನಾನು ಕೂಡಿಸಿದ್ದನ್ನು ಅಳೆದು, ವಹಿಗೆ ಹೋಲಿಸಿ, ಪೆಟ್ಟಿಗೆಯಲ್ಲಿ ಆಳ ಬರೆದು, ಪ್ರತಿ ತುಂಡಿಗೂ ಕೆಳಗಿನ ತುದಿ ತೋರುವ ಬಾಣದ ಗುರುತನ್ನು ಪೇಂಟಿನಲ್ಲಿ ಹಾಕುತ್ತ ಹೋದರು. ಆಗಲೂ ನಾನು ಮಾತಾಡಲಿಲ್ಲ. ಬೇಕಾದ ತುಂಡಿನ ಕಡೆ ಬೆರಳು ತೋರುತ್ತಿದ್ದೆ.

ಎರಡನೆಯ ದಿನ ಮಧ್ಯಾಹ್ನಕ್ಕೆ ಎಲ್ಲ ಕೂಡಿತು, ಗೇಣುದ್ದದ ಒಂದು ತುಂಡು ಮಾತ್ರ ಇಲ್ಲ. ಸಾಹೇಬರ ಮುಖ ಮತ್ತೆ ಬಾಡಿತು. ನಾನು ಅಡುಗೆಮನೆಗೆ ಹೋಗಿ ನೋಡಿದೆ. ಉಪ್ಪಿನಕಾಯಿ ಭರಣಿಯೊಳಗೆ ಮಾವಿನಕಾಯಿ ಮೇಲೇಳದಂತೆ ಭಾರಕ್ಕೆ ಇಟ್ಟಿದ್ದರು ಅತ್ತೆ.

"ತಗೋರೆವ್ವಾ ನಿಮ್ಮ ಬಂಗಾರ," ಎಂದು ಒರೆಸಿ ಕೊಟ್ಟರು. "ಎಷ್ಟ್ ಛಲೋ ಕುಂತಿತ್ತು!"

ಆ ತುಂಡಿಗೆ ಇನ್ನೊಮ್ಮೆ ಸಾಬೂನು ಬಿತ್ತು.

ಕೂಡಿಸಿ ನೋಡಿದರೆ ಬಿಳಿಯದು ಆರೂ ಪೆಟ್ಟಿಗೆಯಲ್ಲಿ ಚೂರುಚೂರಾಗಿ ಹರಡಿಕೊಂಡಿತ್ತು. ಇಲ್ಲೊಂದು ಬೆರಳು, ಅಲ್ಲೊಂದು ಬೆರಳು. ನಿಮ್ಮ ಅಜ್ಜ ಒಂದು ಸಲ ನೋಡಿ, ಎತ್ತಿಗೆ ನೀರು ಕುಡಿಸಲು ಎದ್ದುಹೋದರು. ಎತ್ತು ಆಗಲೇ ನೀರು ಕುಡಿದಿತ್ತು.

ಮರುದಿನ ದೊಡ್ಡ ಸಾಹೇಬರು ಬಂದರು. ಬಗ್ಗಿ ಬಗ್ಗಿ ನೋಡಿದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ.

"ಆಳದ ಗುರುತೆಲ್ಲ ಹೊಸದಾಗಿದೆಯಲ್ಲ. ಏನಾಯ್ತು ಇಲ್ಲಿ?"

"ಸರ್, ಅದು... ಮಳೆ ಬಂದು..." ಅಂದರು ನಮ್ಮ ಸಾಹೇಬರು. ನಮ್ಮನ್ನು ಉಳಿಸಲು ಹೊರಟಿದ್ದರೋ, ತಮ್ಮನ್ನೋ, ಗೊತ್ತಿಲ್ಲ. ಆದರೆ ಆ ವಾರ ಹನಿ ಮಳೆಯೂ ಬಿದ್ದಿರಲಿಲ್ಲ, ಅಂಗಳದಲ್ಲಿ ಧೂಳು ಏಳುತ್ತಿತ್ತು. ದೊಡ್ಡ ಸಾಹೇಬರು ಅಂಗಳದ ಕಡೆ ನೋಡಿದರು. ಇನ್ನು ಅವರು ಯಾವುದನ್ನೂ ನಂಬುವುದಿಲ್ಲ ಅನ್ನಿಸಿತು. ನನ್ನ ಬಾಯಿ ತಾನಾಗಿ ತೆರೆಯಿತು.

"ಮಳಿ ಅಲ್ರಿ. ನಾ ತೊಳದೇನ್ರಿ. ಹಬ್ಬಕ್ಕ."

ಅತ್ತೆ ನನ್ನನ್ನು ಹೊಸ ಸೊಸೆಯನ್ನು ನೋಡಿದ ಹಾಗೆ ನೋಡಿದರು.

ದೊಡ್ಡ ಸಾಹೇಬರು ನನ್ನನ್ನು ಹೊರಗೆ ಕರೆದರು. ಒಂದು ಸಾಲಿನ ಏಳು ತುಂಡುಗಳನ್ನು ಎತ್ತಿ, ಬಾಣದ ಗುರುತು ಕಾಣದಂತೆ ಸುತ್ತ ಸುಣ್ಣ ಬಳಿದು, ಕಲಸಿ ನನ್ನ ಮುಂದೆ ಇಟ್ಟರು. "ಕೂಡಿಸಿ ನೋಡೋಣ, ತಾಯಿ."

ಸೆರಗು ಜಾರಿದರೆ ಸರಿ ಮಾಡಿಕೊಳ್ಳಲೂ ಕೈಗೆ ಬಿಡುವಿರಲಿಲ್ಲ. ಕಣ್ಣು ನೆಲಕ್ಕೆ ಹಾಕಿ ಮುರಿದ ಬಾಯಿಗಳನ್ನು ಬೆರಳಿನಿಂದಲೇ ತಡವಿ ಕೂಡಿಸಿದೆ. ಅವರು ಸುಣ್ಣ ಒರೆಸಿದರು. ಏಳೂ ಬಾಣಗಳು ಒಂದೇ ಗೆರೆಯಲ್ಲಿ, ಒಂದೇ ಕಡೆ ಮುಖ ಮಾಡಿದ್ದವು.

"ತೊಳೆದದ್ದು, ತಿರುಗಿ ಕೂಡಿಸಿದ್ದು, ಎರಡನ್ನೂ ವರದಿಯಲ್ಲಿ ಬರಿ," ಅಂದರು ನಮ್ಮ ಸಾಹೇಬರಿಗೆ. "ಮಳೆ ಅಂತ ಬರೀಬೇಡ. ಮುಂದಿನ ಗುಡ್ಡದಲ್ಲಿ ಪೆಟ್ಟಿಗೆ ಬಂದ ದಿನವೇ ಫೋಟೋ ತೆಗಿ." ಮುಂದಿನ ಗುಡ್ಡ ಅಂದಾಗಲೇ ಆ ಹುಡುಗನ ಕೆಲಸ ಉಳಿಯಿತೆಂದು ನಮಗೆಲ್ಲ ತಿಳಿಯಿತು. ಅತ್ತೆ ಒಳಗಿನಿಂದಲೇ, "ಊಟಕ್ಕ ಕುಂಡ್ರಿ ಇಬ್ರೂ," ಎಂದು ಕೂಗಿದರು.

ಎಳೆಗಳು ಚದುರಿವೆ, ತೆಗೆಯಲು ಹೋದರೆ ಗಿಟ್ಟುವುದಿಲ್ಲ ಎಂದು ಕಂಪನಿ ಹೊರಟುಹೋಯಿತು. ನಿಮ್ಮ ಅಜ್ಜ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಮೂರನೆಯ ದಿನ ಚಹಾ ಬೇಕಾಯಿತು.

"ಗಣಿ ಮುಚ್ಚಿಸಿದಾಕಿ, ಒಂದ್ ಕಪ್ ಚಾ ಕೊಡ."

"ಗಣಿ ತಗದಿದ್ರ ಅಲ್ಲೇನ್ರಿ ಮುಚ್ಚಸಾಕ," ಅಂದೆ.

ಅವರು ನಕ್ಕುಬಿಟ್ಟರು. ಚಹಾಕ್ಕೆ ಸಕ್ಕರೆ ಹೆಚ್ಚೇ ಹಾಕಿದ್ದೆ.