ಬರೆಯದೆ ಬಿಟ್ಟ ಮೂರು ನಿಮಿಷ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೂಲೆಯ ಮೇಜಿನ ಮೇಲೆ ಕಂಪ್ಯೂಟರಿನ ಪರದೆ ಬೆಳಗುತ್ತಿದೆ, ಪಕ್ಕದ ಒಲೆಯ ಮೇಲೆ ಹಾಲು ಕಾಯುತ್ತಿದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಒಂದೇ ದೃಶ್ಯವನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತಾ, ತಮ್ಮಷ್ಟಕ್ಕೆ ಗೊಣಗುತ್ತಾ, ಎರಡು ಸಾಲು ಬರೆದು ಒಂದನ್ನು ಅಳಿಸುತ್ತಾರೆ. ಹಾಲು ಉಕ್ಕಿ ಒಲೆಯ ಪಾಲಾಗುತ್ತದೆ. “ಇವತ್ತೂ ಹೋಯ್ತು,” ಎನ್ನುತ್ತಾರೆ, ಕೂತಲ್ಲಿಂದ ಏಳದೆ.

ಪರಭಾಷೆಯ ಸಿನಿಮಾ ನೋಡುವಾಗ ಪರದೆಯ ಕೆಳಗೆ ನಮ್ಮ ಭಾಷೆಯ ಸಾಲುಗಳು ಮೂಡಿ ಮಾಯವಾಗುತ್ತವಲ್ಲ, ಅವನ್ನು ಬರೆಯುವುದು ಇವರ ಕಸುಬು. ಕೆಲಸ ಕೊಡುವ ಸ್ಟುಡಿಯೊದವರ ಬಾಯಲ್ಲಿ ಇವರು ‘ಅಕ್ಷರದಕ್ಕ’. ಚಿತ್ರ ಮುಗಿದು ಹೆಸರುಗಳು ಸಾಲುಗಟ್ಟಿ ಮೇಲೇರುವಾಗ ಚಹಾ ತಂದುಕೊಟ್ಟವರೂ ಅದರಲ್ಲಿರುತ್ತಾರೆ. ಇವರಿರುವುದಿಲ್ಲ.

ನಟ ಉಸಿರು ಬಿಡದೆ ಎಷ್ಟೇ ಒದರಲಿ, ಪರದೆಯ ಮೇಲೆ ಜಾಗ ಎರಡೇ ಸಾಲಿಗೆ. ಓದುವವರ ಕಣ್ಣು ಸಾಲಿನ ಕೊನೆ ಮುಟ್ಟುವ ಮೊದಲು ಅದು ಹೋಗಬಾರದು, ಬೇಗ ಬರಲೂಬಾರದು. ಹೊಸದರಲ್ಲಿ ಒಮ್ಮೆ ಒಂದು ಹಾಸ್ಯದ ಮಾತನ್ನು ತುಸು ಮೊದಲೇ ಹಾಕಿಬಿಟ್ಟಿದ್ದರು. “ಹೀರೊ ಬಾಯಿ ತೆಗೆಯೋ ಮುಂಚೆನೇ ಇಡೀ ಟಾಕೀಸು ನಕ್ಕುಬಿಡ್ತು. ಪಾಪ, ಅವನು ಜೋಕು ಹೇಳಿದಾಗ ಒಬ್ಬರೂ ನಗಲಿಲ್ಲ,” ಎಂದು ಈಗಲೂ ತಲೆ ಚಚ್ಚಿಕೊಳ್ಳುತ್ತಾರೆ.

ಆಮೇಲಿಂದ ಮನೆಯಲ್ಲೇ ಒಬ್ಬರು ಪರೀಕ್ಷಕರು ನೇಮಕವಾಗಿದ್ದಾರೆ: ಅತ್ತೆ. ಕಿವಿ ಮಂದ, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅತ್ತೆ ಓದಿ ಮುಗಿಸಿದರೆ ಊರೇ ಓದಿ ಮುಗಿಸಿದಂತೆ. “ಓಡಿಹೋಯ್ತು, ಓಡಿಹೋಯ್ತು,” ಎಂದು ಅವರು ಕೂಗಿದರೆ ಸೊಸೆ ಸಾಲು ಕತ್ತರಿಸಲು ಕೂರಬೇಕು.

ಈಚೆಗೆ ಬಂದ ಚಿತ್ರವೊಂದು ಈ ಅತ್ತೆ ಸೊಸೆಯ ನಡುವೆಯೇ ಜಗಳ ತಂದಿಟ್ಟಿತು. ಕಥೆ ನಡೆಯುವುದೆಲ್ಲ ಆಸ್ಪತ್ರೆಯೊಂದರ ಹೊರಗಿನ ಬೆಂಚಿನ ಮೇಲೆ. ಒಬ್ಬ ಗಂಡಸಿನ ಮಗಳು ಒಳಗೆ ಮಲಗಿದ್ದಾಳೆ, ಬೇರೆ ದೇಶದಿಂದ ಬಂದ ಹೆಂಗಸೊಬ್ಬಳ ಗಂಡನೂ ಒಳಗಿದ್ದಾನೆ. ಇವನ ಮಾತು ಅವಳಿಗೆ ತಿಳಿಯದು, ಅವಳದು ಇವನಿಗೆ ತಿಳಿಯದು. ಹಾಗಿದ್ದೂ ಒಂದೇ ಕಂಬಳಿ ಹೊದೆಯುತ್ತಾರೆ, ಒಬ್ಬರು ಕಣ್ಣು ಮುಚ್ಚಿದಾಗ ಇನ್ನೊಬ್ಬರು ಕಾವಲು ಕೂರುತ್ತಾರೆ. ಮಗಳು ಉಳಿಯುತ್ತಾಳೆ, ಗಂಡ ಉಳಿಯುವುದಿಲ್ಲ. ಆಗ ಆ ಹೆಂಗಸು ಮೂರು ನಿಮಿಷ ತನ್ನ ಭಾಷೆಯಲ್ಲಿ ಮಾತಾಡುತ್ತಲೇ ಹೋಗುತ್ತಾಳೆ. ಅವನು ಒಂದಕ್ಷರವೂ ಅರ್ಥವಾಗದೆ ಕೇಳುತ್ತಾ ಕೂತಿರುತ್ತಾನೆ.

ಆ ಮಾತುಗಳ ಅರ್ಥವೆಲ್ಲ ಚಿತ್ರದ ಜೊತೆ ಇಂಗ್ಲಿಷಿನಲ್ಲಿ ಬಂದಿತ್ತು. ಅಕ್ಷರದಕ್ಕ ಓದಿದರು, ಅತ್ತರು, ಮೂಗು ಒರೆಸಿಕೊಂಡರು. ಆಮೇಲೆ ಆ ಜಾಗವನ್ನು ಖಾಲಿ ಬಿಟ್ಟರು. ಅವನಿಗೆ ತಿಳಿಯದ್ದು ನೋಡುವವರಿಗೂ ತಿಳಿಯಬಾರದು ಎಂಬುದು ಅವರ ಹಟ.

ಸ್ಟುಡಿಯೊ ಮಾಲೀಕರು ಹೌಹಾರಿದರು. ಕೆಟ್ಟ ಮನುಷ್ಯರಲ್ಲ. ಹಿಂದೊಮ್ಮೆ ಪರದೆಯ ಮೇಲೆ ಸಾಲುಗಳು ಬರುವುದು ನಿಂತುಹೋದಾಗ ಜನ ಶಿಳ್ಳೆ ಹೊಡೆದು ಕುರ್ಚಿ ಮುರಿದದ್ದನ್ನು ಕಣ್ಣಾರೆ ಕಂಡವರು. “ಮೆಷಿನ್ ಕೆಟ್ಟಿದೆ ಅಂತಾರಮ್ಮ! ಬರೆದುಕೊಡಿ, ಇಲ್ಲಾಂದ್ರೆ ಈ ಚಿತ್ರ ಬೇರೆಯವರಿಗೆ ಕೊಡ್ತೀನಿ,” ಎಂದರು. ಮನೆಗೆ ಬಂದರೆ ಅತ್ತೆಯೂ ಅವರದೇ ಪಕ್ಷ: “ಖಾಲಿ ಬಿಟ್ರೆ ನಂಗೇನು ತಿಳಿಯುತ್ತೆ ಅದ್ರಲ್ಲಿ? ಹಾಕೇ, ಸುಮ್ನೆ!”

ಸೊಸೆ ಜಗ್ಗಲಿಲ್ಲ. ಈ ಕಸುಬಿಗೆ ಬರುವ ಮೊದಲು ಅವರು ಆಸ್ಪತ್ರೆಯೊಂದರಲ್ಲಿ ಚೀಟಿ ಬರೆದುಕೊಡುವ ಕಿಟಕಿಯಲ್ಲಿ ಕೂರುತ್ತಿದ್ದರು. ಒಂದು ದಿನ ಎಲ್ಲಿಯದೋ ಭಾಷೆಯ ತಾಯಿಯೊಬ್ಬಳು ಮಗುವನ್ನು ಕಳೆದುಕೊಂಡು ಬಂದು ಇವರ ಕೈ ಹಿಡಿದು ಮಾತಾಡತೊಡಗಿದಳು. “ಅವಳ ಭಾಷೆ ನಂಗೆ ಬರ್ತಿದ್ರೆ, ಸಮಾಧಾನ ಮಾಡ್ಕೊಳಮ್ಮ ಅಂತ ನಾಲ್ಕು ಮಾತು ಹೇಳಿ ಕಳಿಸಿಬಿಡ್ತಿದ್ದೆ. ಬರಲಿಲ್ಲ ನೋಡಿ, ಅದಕ್ಕೇ ಎದ್ದು ಹೋಗೋಕಾಗ್ಲಿಲ್ಲ. ಅವಳ ಮುಖ ನೋಡ್ತಾ ಕೂತೆ. ಯಾರನ್ನಾದ್ರೂ ಅಷ್ಟು ಚೆನ್ನಾಗಿ ಕೇಳಿಸ್ಕೊಂಡಿದ್ದು ಅದೊಂದೇ ಸಲ.”

ಇದನ್ನೇ ಮಾಲೀಕರಿಗೂ ಹೇಳಿದರು. ಅವರು ತಲೆ ಕೆರೆದುಕೊಂಡು ಒಂದು ರಾಜಿಗೆ ಬಂದರು: ಜನರನ್ನು ಕರೆದು ಒಮ್ಮೆ ತೋರಿಸೋಣ, ಗಲಾಟೆಯಾದರೆ ಬರೆದುಕೊಡಬೇಕು. ಅಕ್ಷರದಕ್ಕ ಒಪ್ಪಿದರು.

ಸ್ಟುಡಿಯೊದ ಸಣ್ಣ ಕೋಣೆ ತುಂಬಿತು. ಮಾಲೀಕರು ಬಾಗಿಲಲ್ಲಿ, ಅತ್ತೆ ಮುಂದಿನ ಸಾಲಿನಲ್ಲಿ, ಅಕ್ಷರದಕ್ಕ ಗೋಡೆಗೊರಗಿ ನಿಂತಿದ್ದರು. ಆ ದೃಶ್ಯ ಬಂತು. ಹೆಂಗಸು ಮಾತಾಡತೊಡಗಿದಳು, ಪರದೆಯ ಕೆಳಗೆ ಏನೂ ಮೂಡಲಿಲ್ಲ. ಯಾರೋ ಕೆಮ್ಮಿದರು. ನಡುವಿನ ಸಾಲಿನ ಗಂಡಸೊಬ್ಬರು ಹಿಂದಕ್ಕೆ ತಿರುಗಿ ಜೋರಾಗಿಯೇ ಕೇಳಿದರು: “ಏನ್ರೀ, ಅಕ್ಷರ ಎಲ್ಲಿ?”

ಪಕ್ಕದಲ್ಲಿದ್ದ ಅವರ ಹೆಂಡತಿ ಪರದೆಯಿಂದ ಕಣ್ಣು ಕೀಳದೆ ಗದರಿದರು: “ಸುಮ್ನಿರಿ. ಅವಳು ಮಾತಾಡ್ತಿದಾಳೆ.”

ಆಮೇಲೆ ಒಬ್ಬರೂ ಕದಲಲಿಲ್ಲ. ದೀಪ ಹತ್ತಿದಾಗ ಮಾಲೀಕರು ಕನ್ನಡಕ ಒರೆಸುತ್ತಿದ್ದರು. “ಹಾಗೇ ಇರ್ಲಿ ಬಿಡಿ,” ಎಂದಷ್ಟೇ ಹೇಳಿ ಹೊರಗೆ ಹೋದರು. ಚಿತ್ರ ಈಗ ಟಾಕೀಸುಗಳಲ್ಲಿ ಓಡುತ್ತಿದೆ, ಆ ಮೂರು ನಿಮಿಷ ಖಾಲಿಯಾಗಿಯೇ.

ಪರದೆಯ ಮೇಲೆ ಹೆಸರು ಬರಬೇಕೆಂಬ ಆಸೆ ಇಲ್ಲವೇ ಎಂದರೆ ನಗುತ್ತಾರೆ. “ಬಂದ್ರೆ ಬೇಡ ಅನ್ನಲ್ಲ. ಆದ್ರೆ ಆ ಹೊತ್ತಿಗೆ ಜನ ಎದ್ದು ಚಪ್ಪಲಿ ಹುಡುಕ್ತಿರ್ತಾರೆ.”

ಸದ್ಯಕ್ಕೆ ಅವರನ್ನು ಕಾಡುತ್ತಿರುವವರು ಅತ್ತೆ ಒಬ್ಬರೇ. ಆ ಹೆಂಗಸು ಏನು ಹೇಳಿದಳೆಂದು ತಿಳಿಯದೆ ಮುದುಕಿಗೆ ಸಮಾಧಾನವಿಲ್ಲ. ತಿಂಡಿ ತಿನ್ನುವಾಗ ಒಮ್ಮೆ, ಬಟ್ಟೆ ಮಡಚುವಾಗ ಒಮ್ಮೆ ಕೆದಕುತ್ತಾರೆ. “ನನ್ನೊಬ್ಬಳ ಕಿವೀಲಿ ಹೇಳೇ, ಯಾರಿಗೂ ಹೇಳಲ್ಲ.”

ಸೊಸೆ ಬಗ್ಗಿ, ಆ ಮಂದ ಕಿವಿಗೂ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾರೆ:

“ಪಕ್ಕದಲ್ಲಿ ಕೂತಿದ್ದ ಆ ಮನುಷ್ಯನಿಗೇ ಗೊತ್ತಾಗ್ಲಿಲ್ಲ ಅತ್ತೆ. ನಿಮಗೆ ಹೇಳಿಬಿಟ್ರೆ ಅವನಿಗೆ ಮೋಸ ಮಾಡಿದ ಹಾಗೆ.”